ಬೆಟಗೇರಿಯ ಟ್ರಂಕು ಮತ್ತು ಒಂದು ಹಿತ್ತಾಳೆ ಲೆನ್ಸ್: ಪ್ರಕರಣ ಅಧ್ಯಯನ

ದೀಪಾವಳಿ ಮುಗಿದ ವಾರ ಗದಗದ ಜೋಡಿ ಊರು ಬೆಟಗೇರಿಯಿಂದ ಒಂದು ಫೋನ್ ಬಂತು. ಆ ಕಡೆ ಮಾತಾಡಿದವರು ನಿವೃತ್ತ ಹೈಸ್ಕೂಲ್ ಮಾಸ್ತರು. "ನಮ್ಮ ಅಪ್ಪಾರ ಸ್ಟುಡಿಯೋ ಸಾಮಾನ ಅದಾವ್ರಿ. ಮುಂಬೈಯಿಂದ ಒಬ್ರು ಬಂದು ಎಲ್ಲಾ ಕೂಡಿ 60 ಸಾವಿರಕ್ಕ ಕೇಳ್ಯಾರ. ಕೊಡೂದೋ ಬ್ಯಾಡೋ, ನೀವೊಮ್ಮೆ ಬಂದು ನೋಡ್ರಿ" ಅಂದರು.

ನಾನು ಹುಬ್ಬಳ್ಳಿಯಲ್ಲಿ ಮೂವತ್ತು ವರ್ಷದಿಂದ ಕ್ಯಾಮೆರಾ ರಿಪೇರಿ ಮಾಡುತ್ತಿದ್ದೇನೆ. ಫಿಲಂ ಕ್ಯಾಮೆರಾ ಹೋದ ಮೇಲೆ ರಿಪೇರಿ ಕೆಲಸ ಕಡಿಮೆಯಾಯಿತು, ಹಳೆ ಸಾಮಾನು ನೋಡಿ ಬೆಲೆ ಹೇಳುವ ಕೆಲಸ ಜಾಸ್ತಿಯಾಯಿತು. ಇಂಥ ಟ್ರಂಕುಗಳು ನಮ್ಮ ಭಾಗದಲ್ಲಿ ಇನ್ನೂ ಬಹಳ ಇವೆ. ಧಾರವಾಡ, ಗದಗ, ಹಾವೇರಿ, ರಾಣೆಬೆನ್ನೂರು, ಎಲ್ಲ ಕಡೆ ಒಂದಲ್ಲ ಒಂದು ಮುಚ್ಚಿದ ಸ್ಟುಡಿಯೋ, ಅದರ ಹಿಂದೆ ಒಂದು ಮನೆ, ಮನೆಯ ಅಟ್ಟದ ಮೇಲೆ ಒಂದು ಟ್ರಂಕು. ಅವುಗಳಲ್ಲಿ ಈ ಒಂದನ್ನು ಪೂರ್ತಿ ಬರೆದಿಡಬೇಕು ಅನಿಸಿತು. ಮನೆಯವರ ಒಪ್ಪಿಗೆ ತೆಗೆದುಕೊಂಡಿದ್ದೇನೆ, ಹೆಸರು ಬಿಟ್ಟಿದ್ದೇನೆ.

ಮನೆಯಲ್ಲಿ ಆವತ್ತು ಇದ್ದವರು ಇಷ್ಟು ಜನ: ಮಾಸ್ತರು, ಅವರ ಹೆಂಡತಿ, ಹುಬ್ಬಳ್ಳಿಯಲ್ಲಿ ಅಂಗಡಿ ಇಟ್ಟಿರುವ ತಮ್ಮ, ಧಾರವಾಡದ ಮಾಳಮಡ್ಡಿಯಿಂದ ಬಂದ ತಂಗಿ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಮಗ. ಮತ್ತೆ 88 ವರ್ಷದ ಅವರ ತಾಯಿ. ಅವರನ್ನು ಮನೆಯಲ್ಲಿ ಎಲ್ಲರೂ ಆಯಿ ಅಂತಾರೆ, ನಾನೂ ಹಾಗೇ ಕರೆದೆ. ತೀರಿಹೋದ ಅಜ್ಜ 1941ರಿಂದ 1996ರವರೆಗೆ ಗದಗದಲ್ಲಿ ಸ್ಟುಡಿಯೋ ನಡೆಸಿದ್ದರು.

ಮಗ ಮೊದಲೇ ಒಂದು ಸುದ್ದಿ ಓದಿಕೊಂಡು ಬಂದಿದ್ದ. 2022ರ ಜೂನ್‌ನಲ್ಲಿ ಜರ್ಮನಿಯ ವೆಟ್ಸ್ಲರ್‌ನಲ್ಲಿ ಒಂದು ಲೈಕಾ ಕ್ಯಾಮೆರಾ 1 ಕೋಟಿ 44 ಲಕ್ಷ ಯೂರೋಗೆ ಹರಾಜಾಯಿತು. ಸುದ್ದಿ ನಿಜ. ಇವರ ಟ್ರಂಕಿನಲ್ಲೂ ಒಂದು ಲೈಕಾ ಇತ್ತು. ಹಾಗಾಗಿ ನಾನು ಚಪ್ಪಲಿ ಬಿಡುವ ಮೊದಲೇ ಮನೆಯಲ್ಲಿ ಒಂದು ಆಸೆ ಕೂತುಬಿಟ್ಟಿತ್ತು.

ಹದ್ದಿನ ಮುದ್ರೆಯ ಲೈಕಾ

ಮೊದಲು ಹೊರಗೆ ಬಂದದ್ದು ಅದೇ. ರೇಷ್ಮೆ ವಸ್ತ್ರದಲ್ಲಿ ಸುತ್ತಿಟ್ಟಿದ್ದರು. ಬಂಗಾರದ ಬಣ್ಣದ ಮೈ, ಮೇಲೆ ಲೈಕಾ ಹೆಸರು, ಹದ್ದಿನ ಮುದ್ರೆ, ಅದರ ಕೆಳಗೆ ಜರ್ಮನ್ ವಾಯುಪಡೆಯ ಆಸ್ತಿ ಎಂಬ ಅರ್ಥದ ಜರ್ಮನ್ ಬರಹ. ಮನೆಯ ಕತೆ ಏನೆಂದರೆ, ಮಿಷನ್ನಿನ ಪಾದ್ರಿಯೊಬ್ಬರು ಊರು ಬಿಟ್ಟು ಹೋಗುವಾಗ ಅಜ್ಜನ ಕೈಗೆ ಕೊಟ್ಟು ಹೋದರು ಅಂತ. ಈ ಕತೆ ನಂಬುವ ಹಾಗೇ ಇದೆ. ಬೆಟಗೇರಿಯಲ್ಲಿ ಬಾಸೆಲ್ ಮಿಷನ್ನಿನವರು ಇದ್ದದ್ದು ಹೌದು. ಅವರ ಆಸ್ಪತ್ರೆಯನ್ನು ಊರಿನವರು ಇವತ್ತಿಗೂ ಜರ್ಮನ್ ಆಸ್ಪತ್ರೆ ಅಂತಾರೆ. ಜರ್ಮನ್ ಪಾದ್ರಿ, ಜರ್ಮನ್ ಕ್ಯಾಮೆರಾ. ಒಂದಕ್ಕೊಂದು ಹೊಂದಿಕೊಂಡು ಕತೆ ಗಟ್ಟಿಯಾಗಿತ್ತು.

ನಾನು ಲೆನ್ಸ್ ತಿರುಗಿಸಿ ಬಿಚ್ಚಿದೆ. ಲೆನ್ಸ್ ಬಿಚ್ಚಿದ ಬಾಯಲ್ಲಿ ಟಾರ್ಚ್ ಹಿಡಿದು ಮೇಲ್ಭಾಗ ನೋಡಬೇಕು. ಅಲ್ಲಿ ಒಂದು ಸಣ್ಣ ಸನ್ನೆಕೋಲು ಇರುತ್ತದೆ. ಲೆನ್ಸ್ ಮುಂದೆ ಹಿಂದೆ ಆದಂತೆ ಅದೂ ಸರಿದು, ಫೋಕಸ್ ಸರಿಯಾಗಿದೆಯೇ ಅಂತ ತೋರಿಸುವ ರೇಂಜ್‌ಫೈಂಡರಿಗೆ ದೂರ ಎಷ್ಟೆಂದು ತಿಳಿಸುತ್ತದೆ. ಅಸಲಿ ಲೈಕಾದಲ್ಲಿ ಆ ಸನ್ನೆಕೋಲಿನ ತುದಿಗೆ ಪುಟ್ಟ ಉರುಳುವ ಚಕ್ರ ಇರುತ್ತದೆ. ಇದರಲ್ಲಿ ಚಕ್ರ ಇರಲಿಲ್ಲ. ಬೆಣೆಯ ಹಾಗೆ ಸವೆಸಿದ ಒಂದು ನಾಲಿಗೆ ಇತ್ತು. ಅದು ಸೋವಿಯತ್ ಕ್ಯಾಮೆರಾಗಳ ಗುರುತು, ಒಂದೋ ಫೆಡ್, ಇಲ್ಲ ಜೋರ್ಕಿ.

ಇನ್ನೊಂದು ಮಾತು. ಜರ್ಮನ್ ವಾಯುಪಡೆಗೆ ಹೋದ ಅಸಲಿ ಲೈಕಾಗಳು ಹೆಚ್ಚಾಗಿ ಯುದ್ಧ ಕಾಲದ 3ಸಿ ಮಾದರಿಯವು. ಆ ಮಾದರಿ ಬಂದದ್ದು 1940ರಲ್ಲಿ. ಅದರ ಮುಂಭಾಗದಲ್ಲಿ ನಿಧಾನದ ಶಟರ್ ವೇಗಕ್ಕೆ ಬೇರೆ ಒಂದು ಗುಂಡಿ ಇರುತ್ತದೆ. ಇದಕ್ಕೆ ಅದು ಇರಲಿಲ್ಲ. ಬರಹ ಹೇಳುವ ಕಾಲ ಒಂದು, ಮೈ ಹೇಳುವ ಕಾಲ ಇನ್ನೊಂದು. ಫೆಡ್ ಕ್ಯಾಮೆರಾ ಖಾರ್ಕಿವ್‌ನಲ್ಲಿ 1934ರಿಂದ ತಯಾರಾಗುತ್ತಿತ್ತು. 1932ರ ಲೈಕಾ 2 ನೋಡಿಕೊಂಡೇ ಮಾಡಿದ್ದು. ಯುದ್ಧದ ನಂತರ 1948ರಲ್ಲಿ ಕ್ರಾಸ್ನೊಗೋರ್ಸ್ಕ್‌ನಲ್ಲಿ ಜೋರ್ಕಿ ಶುರುವಾಯಿತು. ಮುಂದೆ ಈ ಕ್ಯಾಮೆರಾಗಳ ಹೆಸರು ಕೆರೆದು, ಬಂಗಾರದ ಬಣ್ಣ ಕೊಟ್ಟು, ಹದ್ದು ಕೆತ್ತಿ ಲೈಕಾ ಅಂತ ಮಾರಿದರು. ಜಗತ್ತಿನ ತುಂಬ ಇವು ಓಡಾಡುತ್ತಿವೆ. ಬಂಗಾರದ ಬಣ್ಣ ಮತ್ತು ಹದ್ದು ಎರಡೂ ಒಟ್ಟಿಗೆ ಕಂಡರೆ ನಾನು ಮೊದಲು ಲೆನ್ಸ್ ಬಿಚ್ಚುತ್ತೇನೆ.

ನಾನು ಇದನ್ನು ಹೇಳಿದಾಗ ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಂಗಿಯೇ ನೆನಪು ಮಾಡಿಕೊಂಡರು. "ಅಣ್ಣಾ, 93ರಾಗ ಅಪ್ಪ ಮುಂಬೈಗೆ ಕಣ್ಣಿನ ಆಪರೇಷನ್ನಿಗೆ ಹೋಗಿದ್ರಲ್ಲ, ಆವಾಗ ಚೋರ್ ಬಜಾರಿಗೆ ಹೋಗಿ ಬಂದಿದ್ರು. ಅಲ್ಲಿಂದ ತಂದದ್ದೇನೋ ಇದು?" ಮಾಸ್ತರು ನನ್ನ ಕಡೆ ತಿರುಗಿ ಕೇಳಿದರು. "ನಮ್ಮಪ್ಪ ಮೋಸ ಹೋದನೇನ್ರಿ?"

ಅದಕ್ಕೆ ನಾನು ಹೇಳಿದ್ದು ಇಷ್ಟೇ. ಅದು ಕೆಲಸ ಮಾಡುವ ಒಳ್ಳೆಯ ಕ್ಯಾಮೆರಾ, ಶಟರ್ ಇವತ್ತಿಗೂ ಸರಿಯಾಗಿದೆ. ನಕಲಿ ಲೈಕಾಗಳನ್ನೇ ಕೂಡಿಡುವವರೂ ಇದ್ದಾರೆ, ಕೆಲವು ಸಾವಿರಕ್ಕೆ ಹೋಗುತ್ತದೆ. ಅಜ್ಜ ಅದನ್ನು ಅಸಲಿ ಅಂತ ನಂಬಿ ತಂದರೋ, ನೋಡಲು ಚಂದ ಇದೆ ಅಂತ ತಂದರೋ, ಅದನ್ನು ಕ್ಯಾಮೆರಾ ಹೇಳುವುದಿಲ್ಲ.

ಎರಡನೆಯ ಸಾಮಾನು ತಂಗಿಯ ಚೀಲದಿಂದ ಬಂತು. ಒಂದು ರೋಲೈಕಾರ್ಡ್, ಮೇಲಿಂದ ಕೆಳಗೆ ನೋಡಿ ತೆಗೆಯುವ ಎರಡು ಕಣ್ಣಿನ ಕ್ಯಾಮೆರಾ. ಚರ್ಮದ ಕವರಿನಲ್ಲೇ ಇಪ್ಪತ್ತು ವರ್ಷ ಮಾಳಮಡ್ಡಿಯ ಮನೆಯಲ್ಲಿತ್ತು. ಧಾರವಾಡದ ಮಳೆಗಾಲ ಗೊತ್ತಲ್ವಾ, ಜುಲೈನಲ್ಲಿ ಗೋಡೆಯೂ ಬೆವರುತ್ತದೆ. ಚರ್ಮದ ಕವರು ಆ ತೇವ ಹೀರಿಕೊಂಡು ಬಿಡುವುದೇ ಇಲ್ಲ. ಟಾರ್ಚ್ ಹಿಡಿದರೆ ಲೆನ್ಸ್ ಒಳಗೆ ಜೇಡರ ಬಲೆಯಂತೆ ಫಂಗಸ್ ಹಬ್ಬಿತ್ತು. ಫಂಗಸ್ ಬರೀ ಮೇಲೆ ಕೂತಿದ್ದರೆ ಒರೆಸಬಹುದು. ಇಲ್ಲಿ ಗಾಜಿನ ಲೇಪವನ್ನೇ ತಿಂದುಬಿಟ್ಟಿತ್ತು. ನೆನಪಿಗೆ ಇಟ್ಟುಕೊಳ್ಳಿ ಅಂದೆ, ಕವರಿನಿಂದ ತೆಗೆದು ಇಡಿ ಅಂದೆ.

ಹಿತ್ತಾಳೆ ಡಬ್ಬಿ

ಮರದ ಕ್ಯಾಮೆರಾ ಅಟ್ಟದ ಮೇಲೇ ಇತ್ತು. ಇಳಿಸಿದರು. ತೇಗದ ಮರ, ಹಿತ್ತಾಳೆ ಮೂಲೆಗಳು, ಲೆನ್ಸಿಗೂ ಹಿಂದಿನ ಗಾಜಿಗೂ ನಡುವೆ ಮಡಿಕೆ ಮಡಿಕೆಯಾದ, ತೂತುಬಿದ್ದ ಬೆಲ್ಲೋಸ್. ಕೇರಳದ ಆಲಪ್ಪುಳದಲ್ಲಿ ತಯಾರಾದ ವಾಗೀಶ್ವರಿ ಕ್ಯಾಮೆರಾ ಅದು. 1940ರ ದಶಕದಿಂದ ಎಷ್ಟೋ ಊರಿನ ಸ್ಟುಡಿಯೋಗಳು ಇದರಲ್ಲೇ ಮದುವೆ ಜೋಡಿಗಳನ್ನು ಕೂರಿಸಿ ತೆಗೆದವು. ನಮ್ಮ ದೇಶದ ಬಡಗಿಗಳ ಕೈಯಲ್ಲಿ ಹುಟ್ಟಿದ ಇಂಥ ಕ್ಯಾಮೆರಾ ಕಂಡರೆ ನನಗೆ ಇವತ್ತಿಗೂ ಮುಟ್ಟಿ ನೋಡಬೇಕು ಅನಿಸುತ್ತದೆ. ಆದರೆ ಅದರ ಮುಂದೆ ಲೆನ್ಸ್ ಇರಲಿಲ್ಲ.

"ಲೆನ್ಸ್ ಎಲ್ಲಿ?" ಅಂದೆ.

"ಆ ಹಿತ್ತಾಳಿ ಡಬ್ಬಿ ಏನ್ರಿ? ದೇವರ ಮನ್ಯಾಗ ಐತಿ" ಅಂತ ಮಾಸ್ತರ ಹೆಂಡತಿ ಹೋಗಿ ತಂದರು.

ಒಂದು ತಂಬಿಗೆಯಷ್ಟು ದಪ್ಪದ ಲೆನ್ಸ್. ಕೈಯಲ್ಲಿ ಹಿಡಿದರೆ ಭಾರಕ್ಕೆ ಮಣಿಕಟ್ಟು ಬಾಗುತ್ತದೆ. ಮುಂದಿನ ಅರ್ಧ ಫಳಫಳ ಹೊಳೆಯುತ್ತಿತ್ತು, ಸ್ವಲ್ಪ ಕೆಂಪಿನ ಛಾಯೆ ಬಂದಿತ್ತು. ಹಿಂದಿನ ಅರ್ಧ ಮಂಕು ಜೇನಿನ ಬಣ್ಣ. ಏನಾಗಿದೆ ಅಂತ ನೋಡಿದ ತಕ್ಷಣ ಗೊತ್ತಾಯಿತು. ದೀಪಾವಳಿಗೆ ಸಮೆ, ತಂಬಿಗೆ, ಗಂಟೆ ತಿಕ್ಕುವಾಗ ಇದನ್ನೂ ಹುಣಸೆಹಣ್ಣು ಹಚ್ಚಿ ತಿಕ್ಕಿದ್ದರು. "ಅರ್ಧ ತಿಕ್ಕಿದ್ದೆ, ಒಲಿ ಮ್ಯಾಲ ಹೂರಣ ಇತ್ತು, ಎದ್ದು ಹೋದೆ. ಬಂದಾವ್ರು ಬೆಳ್ಳಗಿದ್ರ ಜಾಸ್ತಿ ಕೊಡಬಹುದು ಅಂತ ಮಾಡಿದ್ನಿರಿ" ಅಂದರು. ಹೂರಣಕ್ಕೆ ನಾನು ಮನಸ್ಸಿನಲ್ಲೇ ಕೈಮುಗಿದೆ.

ಇದು ಯಾಕೆ ನಷ್ಟ ಅಂತ ಹೇಳಬೇಕು. ಆ ಕಾಲದ ಹಿತ್ತಾಳೆ ಲೆನ್ಸುಗಳಿಗೆ ತಯಾರಕರೇ ಲ್ಯಾಕರ್ ಎಂಬ ಒಂದು ತೆಳುವಾದ ಮೆರುಗಿನ ಲೇಪ ಕೊಡುತ್ತಿದ್ದರು. ಜೇನಿನ ಬಣ್ಣ ಬರುವುದು ಅದರಿಂದ. ಹುಳಿ ತಾಗಿದರೆ ಅದು ಎದ್ದು ಹೋಗುತ್ತದೆ, ಮತ್ತೆ ಬರುವುದಿಲ್ಲ. ಸಂಗ್ರಹಕಾರರು ಮಂಕಾದ, ಕಲೆಯಾದ, ಕೈ ತಾಗಿ ಸವೆದ ಲ್ಯಾಕರನ್ನು ಒಪ್ಪುತ್ತಾರೆ. ತಿಕ್ಕಿ ಹೊಳೆಯುವುದನ್ನು ಒಪ್ಪುವುದಿಲ್ಲ. ನಮ್ಮ ಮನೆಗಳಲ್ಲಿ ಹಿತ್ತಾಳೆ ಅಂದರೆ ತಿಕ್ಕಬೇಕು, ಬೆಳ್ಳಗೆ ಕಾಣಬೇಕು. ಅದು ಮರ್ಯಾದೆಯ ಮಾತು. ಆ ತಾಯಿ ಪ್ರೀತಿಯಿಂದಲೇ ಮಾಡಿದ್ದರು. ನಾನು ಅವರಿಗೆ ಬೇಜಾರಾಗದ ಹಾಗೆ ಹೇಳಲು ನೋಡಿದೆ, ಆದರೂ ಅವರ ಮುಖ ಸಣ್ಣದಾಯಿತು.

ತಿಕ್ಕದೆ ಉಳಿದ ಭಾಗದಲ್ಲಿ ಅಕ್ಷರಗಳು ಚೊಕ್ಕವಾಗಿದ್ದವು. ಜೆ. ಎಚ್. ಡಾಲ್‌ಮೆಯರ್, ಲಂಡನ್, ಒಂದು ನಂಬರು, 3ಬಿ, ಪೇಟೆಂಟ್. ಕೊಳವೆಯ ಮೇಲೆ ಒಂದು ಸೀಳು. ಆ ಸೀಳು ಕಂಡು ನಾನು ಕುರ್ಚಿ ಎಳೆದುಕೊಂಡು ಕೂತೆ.

ಇವತ್ತಿನ ಲೆನ್ಸಿನಲ್ಲಿ ಬೆಳಕಿನ ಕಿಂಡಿ ಸಣ್ಣದು ದೊಡ್ಡದು ಮಾಡಲು ಒಳಗೆ ಎಲೆಗಳಿರುತ್ತವೆ, ಉಂಗುರ ತಿರುಗಿಸಿದರೆ ಸಾಕು. ಆಗ ಹಾಗಿರಲಿಲ್ಲ. 1858ರಲ್ಲಿ ಜಾನ್ ವಾಟರ್‌ಹೌಸ್ ಎಂಬವರು ಒಂದು ಉಪಾಯ ತಂದರು. ಹಿತ್ತಾಳೆಯ ಚಪ್ಪಟೆ ಪಟ್ಟಿ, ಅದರ ನಡುವೆ ಒಂದು ದುಂಡು ತೂತು. ದೊಡ್ಡ ತೂತಿನದು, ಸಣ್ಣ ತೂತಿನದು, ಹೀಗೆ ಐದಾರು ಪಟ್ಟಿಗಳು. ಬೇಕಾದದ್ದನ್ನು ಆ ಸೀಳಿನಲ್ಲಿ ಇಳಿಸುವುದು. 1880ರ ದಶಕದಿಂದ ಎಲೆಗಳ ಐರಿಸ್ ಬಳಕೆಗೆ ಬಂದ ಮೇಲೆ ಈ ಸೀಳು ನಿಧಾನಕ್ಕೆ ಮಾಯವಾಯಿತು. ಅಂದರೆ ಸೀಳು ಇದೆ ಅಂದರೆ ಲೆನ್ಸ್ ಹತ್ತೊಂಬತ್ತನೆಯ ಶತಮಾನದ್ದು ಅಂತ ಹೆಚ್ಚುಕಡಿಮೆ ಹೇಳಬಹುದು. ಡಾಲ್‌ಮೆಯರ್ ಕಂಪನಿಯ ಹಳೆ ಲೆಜರುಗಳು ಲಂಡನ್ನಿನ ಬ್ರೆಂಟ್ ಪತ್ರಾಗಾರದಲ್ಲಿ ಉಳಿದಿವೆ. ಅವುಗಳಿಂದ ನಂಬರಿಗೆ ವರ್ಷ ಕೂಡಿಸಬಹುದು. ನಮ್ಮ ನಂಬರು ಕೂತದ್ದು 1880ರ ದಶಕದಲ್ಲಿ.

ಈ ಲೆನ್ಸಿಗೆ ಯಾಕೆ ಬೇಡಿಕೆ? 1840ರಲ್ಲಿ ವಿಯೆನ್ನಾದಲ್ಲಿ ಜೋಸೆಫ್ ಪೆಟ್ಸ್‌ವಾಲ್ ಲೆಕ್ಕ ಹಾಕಿ, ಫೋಕ್ಟ್‌ಲೆಂಡರ್ ತಯಾರಿಸಿದ ಪೋರ್ಟ್ರೇಟ್ ಲೆನ್ಸ್ ಬಂದ ಮೇಲೆಯೇ ಜನ ಅಲುಗದೆ ಕೂರಬೇಕಾದ ಹೊತ್ತು ತೀರ ಕಡಿಮೆಯಾದದ್ದು. ಡಾಲ್‌ಮೆಯರ್ 1866ರಲ್ಲಿ ಅದರ ಹಿಂದಿನ ಗಾಜುಗಳ ಕ್ರಮ ಬದಲಿಸಿದ, ನಮ್ಮ ಲೆನ್ಸ್ ಆ ಬಗೆಯದು. ಹಿಂದಿನ ಉಂಗುರವನ್ನು ಸ್ವಲ್ಪ ಸಡಿಲಿಸಿದರೆ ಚಿತ್ರ ಮೃದುವಾಗುತ್ತದೆ, ಎಷ್ಟು ಬೇಕೋ ಅಷ್ಟು. ಈಗ ಗಾಜಿನ ಮೇಲೆ ಕೊಲೋಡಿಯನ್ ಎಂಬ ಅಂಟು ದ್ರವ ಹಚ್ಚಿ ಒದ್ದೆ ಇರುವಾಗಲೇ ತೆಗೆಯುವ, 1851ರ ಆ ಹಳೆ ಪದ್ಧತಿಯನ್ನು ಮತ್ತೆ ಹಿಡಿದ ಛಾಯಾಗ್ರಾಹಕರಿದ್ದಾರೆ. ಅವರಿಗೆ ಇಂಥ ಲೆನ್ಸೇ ಬೇಕು. ಕಪಾಟಿನಲ್ಲಿಡುವವನೂ ಕೇಳುತ್ತಾನೆ, ಕೆಲಸಕ್ಕೆ ಬಳಸುವವನೂ ಕೇಳುತ್ತಾನೆ. ಹಾಗಾಗಿ ಬೆಲೆ ಬಿದ್ದಿಲ್ಲ.

ಬೆಲ್ಲೋಸಿನ ತೂತಿಗೆ ಕಪ್ಪು ಟೇಪ್ ಹಚ್ಚಿ, ಲೆನ್ಸ್ ಕೂರಿಸಿ, ಪಡಸಾಲೆಯ ಬಾಗಿಲ ಬೆಳಕಿನಲ್ಲಿ ಆಯಿಯನ್ನು ಕೂರಿಸಿದೆವು. ಕಪ್ಪು ಬಟ್ಟೆ ಹೊದ್ದು ಹಿಂದಿನ ಮಂಜುಗಾಜು ನೋಡಿದೆ. ತಲೆಕೆಳಗಾಗಿ ಆಯಿ. ಮೂಗುಬೊಟ್ಟಿನ ಹರಳು, ಹಣೆಯ ಗೆರೆ, ಇಳಕಲ್ ಸೀರೆಯ ಸೆರಗಿನ ನೂಲು, ಎಲ್ಲ ಕತ್ತರಿಸಿಟ್ಟ ಹಾಗೆ ಕಂಡವು. ಹಿಂದಿನ ಉಂಗುರ ಒಂದು ಸುತ್ತು ಸಡಿಲಿಸಿದೆ. ಗೆರೆಗಳು ಇದ್ದಲ್ಲೇ ಇದ್ದವು, ಆದರೆ ಬಿಳಿ ಕೂದಲಿನ ಸುತ್ತ ಬೆಳಕು ಹಬ್ಬಿತು. ಒಬ್ಬೊಬ್ಬರಾಗಿ ಎಲ್ಲರೂ ಬಟ್ಟೆಯೊಳಗೆ ತಲೆ ಹಾಕಿ ನೋಡಿದರು. ಮಾಸ್ತರು ಹೊರಗೆ ಬಂದಾಗ ಕಣ್ಣು ಒರೆಸಿಕೊಂಡರು. ಗದಗದ ಒಣ ಹವೆಗೆ ಥ್ಯಾಂಕ್ಸ್ ಹೇಳಬೇಕು. ಧಾರವಾಡದಲ್ಲಿದ್ದ ರೋಲೈಕಾರ್ಡಿನ ಗಾಜು ಹೋಗಿತ್ತು, ಅದಕ್ಕಿಂತ ಅರವತ್ತು ಎಪ್ಪತ್ತು ವರ್ಷ ಹಳೆಯದಾದ ಈ ಗಾಜು ತಿಳಿಯಾಗಿತ್ತು.

ಆವಾಗ ತಮ್ಮ ಒಂದು ಮಾತು ಹೇಳಿದರು. ಮುಂಬೈ ವ್ಯಾಪಾರಿ ಲೈಕಾವನ್ನು ಎರಡು ನಿಮಿಷ ನೋಡಿ ಹೊಗಳಿದ್ದ. ಆ ಹಿತ್ತಾಳೆ ಡಬ್ಬಿಯ ನಂಬರನ್ನು ಮಾತ್ರ ಮೂರು ಕಡೆಯಿಂದ ಫೋಟೋ ತೆಗೆದುಕೊಂಡಿದ್ದ. ಹೋಗುವಾಗ "ಅದೂ ಜೊತೆಗೆ ಇರಲಿ" ಅಂದಿದ್ದ. 60 ಸಾವಿರ ಯಾವುದಕ್ಕೆ ಅಂತ ಮನೆಯವರಿಗೆ ಈಗ ಅರ್ಥವಾಯಿತು.

ಹರಾಜಿನ ಲೆಕ್ಕ

ಮಗನಿಗೆ ಆ 1 ಕೋಟಿ 44 ಲಕ್ಷದ ಲೆಕ್ಕ ಬಿಡಿಸಿ ಹೇಳಬೇಕಿತ್ತು. ಹರಾಜಿನಲ್ಲಿ ಕೂಗು ನಿಂತದ್ದು 1 ಕೋಟಿ 20 ಲಕ್ಷ ಯೂರೋಗೆ. ಸುತ್ತಿಗೆ ಬಿದ್ದ ಬೆಲೆ ಅದು. ಅದರ ಮೇಲೆ ಕೊಂಡವನು ಹರಾಜು ಸಂಸ್ಥೆಗೆ ಶೇ. 20 ಪ್ರೀಮಿಯಂ ಕಟ್ಟಿದ. ಎರಡೂ ಕೂಡಿ 1 ಕೋಟಿ 44 ಲಕ್ಷ. ಪತ್ರಿಕೆಗಳು ಬರೆಯುವುದು ಹೆಚ್ಚಾಗಿ ಕೂಡಿದ ಮೊತ್ತ. ಮಾರುವವನಿಗೆ ಬರುವುದು ಸುತ್ತಿಗೆ ಬೆಲೆಯಿಂದ, ಅದರಲ್ಲೂ ಅವನ ಕಮಿಷನ್ ಕಳೆದು.

ಇನ್ನು ಆ ಕ್ಯಾಮೆರಾ ಯಾವುದು? 1925ರಲ್ಲಿ ಲೈಕಾ ಮಾರುಕಟ್ಟೆಗೆ ಬರುವ ಮೊದಲು, 1923ರ ಸುಮಾರಿಗೆ, ಪರೀಕ್ಷೆಗೆ ಅಂತ ಇಪ್ಪತ್ತು ಚಿಲ್ಲರೆ ಕ್ಯಾಮೆರಾ ಮಾಡಿದ್ದರು. ಅದಕ್ಕೆ ಸೊನ್ನೆ ಸರಣಿ ಅಂತಾರೆ. ಅದರಲ್ಲಿ ನಂಬರು 105 ಇದು. ಲೈಕಾವನ್ನು ರೂಪಿಸಿದ ಓಸ್ಕರ್ ಬಾರ್ನಾಕ್ ಸ್ವತಃ ಬಳಸಿದ್ದು, ವ್ಯೂಫೈಂಡರ್ ಮೇಲೆ ಅವನ ಹೆಸರೇ ಇದೆ. ಅದೇ ಸರಣಿಯ ನಂಬರು 122 ಎಂಬ ಕ್ಯಾಮೆರಾ 2018ರಲ್ಲಿ ವಿಯೆನ್ನಾದಲ್ಲಿ 24 ಲಕ್ಷ ಯೂರೋಗೆ ಹೋಗಿತ್ತು. ಒಂದೇ ಕಾಲ, ಒಂದೇ ಕಾರ್ಖಾನೆ, ಒಂದೇ ಮಾದರಿ. ನಡುವಿನ ವರ್ಷಗಳಲ್ಲಿ ಬೆಲೆ ಏರಿದ್ದನ್ನು ಬಿಟ್ಟರೂ, ಇಷ್ಟು ದೊಡ್ಡ ಅಂತರ ತಂದದ್ದು ಯಾರ ಕೈಯಲ್ಲಿತ್ತು ಎಂಬುದು, ಮತ್ತು ಅದಕ್ಕೆ ಪುರಾವೆ ಇದ್ದದ್ದು. ಪಾದ್ರಿಯ ಕತೆ ಚಂದ ಇದ್ದರೂ ಹರಾಜಿಗೆ ಬೇಕಾದದ್ದು ಕಾಗದ.

ನಮ್ಮ ಲೆನ್ಸಿಗೆ ಆ ಕಾಗದ ಇತ್ತು. ಅಜ್ಜನ ಸ್ಟುಡಿಯೋ ರಿಜಿಸ್ಟರು. ಕಂದು ರಟ್ಟಿನ ಉದ್ದ ಪುಸ್ತಕ, ನೀಲಿ ಶಾಯಿ, ಮುದ್ದಾದ ಅಕ್ಷರ. 1941ರ ಪುಟದಲ್ಲಿ "ಬೆಳಗಾವಿಯಿಂದ ಹಳೇ ಡಾಲ್‌ಮಯರ ಭಿಂಗ 1" ಅಂತ, ಮುಂದೆ ಲೆನ್ಸಿನ ನಂಬರು. ಭಿಂಗ ಅಂದರೆ ಲೆನ್ಸ್. ಲೆನ್ಸಿನ ಮೇಲಿನ ನಂಬರಿಗೂ ಪುಟದ ನಂಬರಿಗೂ ಒಂದಂಕಿಯೂ ವ್ಯತ್ಯಾಸ ಇರಲಿಲ್ಲ. ಲೈಕಾದ ಬಗ್ಗೆ ರಿಜಿಸ್ಟರಿನಲ್ಲಿ ಒಂದಕ್ಷರವೂ ಇಲ್ಲ. ಟ್ರಂಕಿನಲ್ಲೇ ಚರ್ಮದ ಒಂದು ಚೀಲ ಸಿಕ್ಕಿತು. ಒಳಗೆ ಆ ತೂತಿನ ಪಟ್ಟಿಗಳು, ಐದು. ಚೀಲದಲ್ಲಿ ಆರನೆಯದಕ್ಕೆ ಜಾಗ ಇತ್ತು, ಪಟ್ಟಿ ಇರಲಿಲ್ಲ.

ಅಷ್ಟು ಇಟ್ಟುಕೊಂಡು ನಾನು ಯುರೋಪಿನ ಒಂದು ಹರಾಜು ಸಂಸ್ಥೆಗೆ ಬರೆದೆ. ಹನ್ನೆರಡು ಫೋಟೋ ಕಳಿಸಿದೆ. ಬೆಳಕು ಹಿಂದಿನಿಂದ ಬಿಟ್ಟು ಗಾಜಿನದು, ಅಕ್ಷರಗಳದು, ಹುಣಸೆಹಣ್ಣು ತಾಗಿದ ಭಾಗದ್ದು, ರಿಜಿಸ್ಟರಿನದು. ತಿಕ್ಕಿದ್ದನ್ನು ಮುಚ್ಚಿಡಲಿಲ್ಲ. ಮುಚ್ಚಿಟ್ಟರೆ ಲೆನ್ಸ್ ಅಲ್ಲಿಗೆ ಹೋದ ಮೇಲೆ ದರ್ಜೆ ಇಳಿಸುತ್ತಾರೆ, ನಂಬಿಕೆಯೂ ಹೋಗುತ್ತದೆ. ಎಂಟು ದಿನಕ್ಕೆ ಉತ್ತರ ಬಂತು. ಸುಮಾರು 1,000 ಯೂರೋ ಸುತ್ತಿಗೆ ಬೆಲೆ ನಿರೀಕ್ಷಿಸಬಹುದು. ಲ್ಯಾಕರ್ ಪೂರ್ತಿ ಇದ್ದಿದ್ದರೆ, ಆರೂ ಪಟ್ಟಿ ಇದ್ದಿದ್ದರೆ ಇನ್ನೂ ಹೆಚ್ಚು.

ನಾನು ಕೂತು ಲೆಕ್ಕ ಹಾಕಿ ತೋರಿಸಿದೆ. 1,000ದಲ್ಲಿ ಮಾರುವವರ ಕಮಿಷನ್ ಶೇ. 15, ಉಳಿದದ್ದು 850. ವಿಮೆ ಸೇರಿ ಕಳಿಸುವ ಖರ್ಚು 120. ಕೈಗೆ 730 ಯೂರೋ, ಆಗಿನ ದರದಲ್ಲಿ ಸುಮಾರು 65 ಸಾವಿರ ರೂಪಾಯಿ. ಕೂಗು ಕೆಳಗೇ ನಿಂತರೆ ಅದೂ ಇಲ್ಲ. ತಮ್ಮ ನಿಟ್ಟುಸಿರು ಬಿಟ್ಟರು. "ಅಂದ್ರ ಆ ಮುಂಬೈಯಾಂವ ಹೇಳಿದ್ದು ಅಷ್ಟೇನ್ ಕಡಿಮಿ ಅಲ್ಲಲ್ರಿ?" ಈ ಪ್ರಶ್ನೆ ನ್ಯಾಯವಾದದ್ದೇ. ಆದರೆ ಅವನು ಕೇಳಿದ್ದು ಟ್ರಂಕನ್ನೇ. ರಿಜಿಸ್ಟರು, ಮರದ ಕ್ಯಾಮೆರಾ, ಗಾಜಿನ ನೆಗೆಟಿವ್‌ಗಳು, ಎಲ್ಲ ಸೇರಿ.

ನೂರು ವರ್ಷದ ಗೆರೆ

ಇಲ್ಲಿ ನನ್ನದೊಂದು ತಪ್ಪು ಹೇಳಬೇಕು. ಹರಾಜು ಸಂಸ್ಥೆಯ ಪತ್ರದ ಕೊನೆಯಲ್ಲಿ ಒಂದು ಸಾಲಿತ್ತು. ನಿಮ್ಮ ದೇಶದಿಂದ ಹೊರಗೆ ಕಳಿಸಲು ಕಾನೂನಿನ ಅನುಮತಿ ಇದೆಯೇ? ಅದನ್ನು ಓದುವವರೆಗೆ ನಾನು ಆ ಕಡೆ ಯೋಚಿಸಿಯೇ ಇರಲಿಲ್ಲ. ಬೆಲೆ ಕೇಳುವ ಮೊದಲು ಅದನ್ನು ನೋಡಬೇಕಿತ್ತು. ಎಂಟು ದಿನ ಆ ಮನೆಯವರಲ್ಲಿ ಸುಮ್ನೆ ಒಂದು ಆಸೆ ಹುಟ್ಟಿಸಿದೆ.

1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆ ಹೀಗೆ ಹೇಳುತ್ತದೆ. ಕಳೆದ ಕಾಲದ ವಿಜ್ಞಾನ, ಕಲೆ, ಕಸುಬು, ಆಚಾರಗಳನ್ನು ತೋರಿಸುವ ವಸ್ತುವಿಗೆ 100 ವರ್ಷ ಆಗಿದ್ದರೆ ಅದು ಪ್ರಾಚ್ಯವಸ್ತು. ಖಾಸಗಿಯವರು ಅದನ್ನು ದೇಶದ ಹೊರಗೆ ಕಳಿಸುವಂತಿಲ್ಲ. ಕಳಿಸಿದರೆ ಆರು ತಿಂಗಳಿಗೆ ಕಡಿಮೆ ಇಲ್ಲದ, ಮೂರು ವರ್ಷದವರೆಗಿನ ಜೈಲು ಮತ್ತು ದಂಡ. ಇಂಥ ವಸ್ತುಗಳನ್ನು ವ್ಯಾಪಾರವಾಗಿ ಮಾರುವವರಿಗೆ ಲೈಸೆನ್ಸ್ ಬೇಕು. ಜನ ಈ ಕಾಯ್ದೆ ಅಂದರೆ ವಿಗ್ರಹ, ವೀರಗಲ್ಲು ಅಂದುಕೊಳ್ಳುತ್ತಾರೆ. ಹಿತ್ತಾಳೆಯ ಲೆನ್ಸೂ ಇದರೊಳಗೆ ಬರಬಹುದು ಅಂತ ಯಾರಿಗೂ ಹೊಳೆಯುವುದಿಲ್ಲ. 1880ರ ದಶಕದ ವಸ್ತು, ಛಾಯಾಗ್ರಹಣದ ಕಸುಬಿನದು. ನನಗಂತೂ ಅನುಮಾನ ಉಳಿಯಲಿಲ್ಲ. 1940ರ ದಶಕದ ವಾಗೀಶ್ವರಿ ಕ್ಯಾಮೆರಾ ನೂರರ ಈಚೆ, ಅದರ ಮುಂದೆ ಕೂತಿದ್ದ ಲೆನ್ಸ್ ನೂರರ ಆಚೆ. ಈಚೆಯದನ್ನು ಕಳಿಸುವಾಗಲೂ ವಯಸ್ಸಿನ ಪ್ರಶ್ನೆ ಬಂದರೆ, ಇದು ಪ್ರಾಚ್ಯವಸ್ತು ಅಲ್ಲ ಎಂಬ ಪ್ರಮಾಣಪತ್ರವನ್ನು ಪುರಾತತ್ವ ಸರ್ವೇಕ್ಷಣಾ ಇಲಾಖೆಯಿಂದ ಪಡೆಯಬೇಕು. ಆ ಇಲಾಖೆಯ ವಲಯ ಕಚೇರಿ ನಮ್ಮ ಧಾರವಾಡದಲ್ಲೇ ಇದೆ, ವಿಚಾರಿಸಲು ದೂರ ಹೋಗಬೇಕಿಲ್ಲ.

ತಮ್ಮ ಮುಂಬೈ ವ್ಯಾಪಾರಿಗೆ ಫೋನ್ ಹಚ್ಚಿ ಕೇಳಿದರು. ಅವನಿಗೆ ಕಾಯ್ದೆ ಚೆನ್ನಾಗಿ ಗೊತ್ತಿತ್ತು. ಹಳೆ ಹಿತ್ತಾಳೆ ಶೋಪೀಸ್ ಅಂತ ಬರೆದು ಪಾರ್ಸೆಲ್ ಮಾಡಿದರಾಯಿತು, ನಿಮ್ಮ ಹೆಸರೇ ಬರುವುದಿಲ್ಲ ಅಂದನಂತೆ. ಮಾಸ್ತರು ಫೋನ್ ಇಸಿದುಕೊಂಡು, "ನಮ್ಮಪ್ಪನ ರಿಜಿಸ್ಟರಿನಾಗ ನಂಬರು ಐತ್ರಿ. ಅದನ್ನ ಶೋಪೀಸ್ ಅನ್ನಾಕ ನನ್ನ ಬಾಯಿಂದ ಆಗೂದಿಲ್ಲ" ಅಂದು ಇಟ್ಟುಬಿಟ್ಟರು. ಅಣ್ಣ ತಮ್ಮಂದಿರ ನಡುವೆ ಎರಡು ವಾರ ಸರಿಯಾಗಿ ಮಾತಿರಲಿಲ್ಲ. ತಮ್ಮನಿಗೆ ಅಂಗಡಿಯ ಸಾಲ ಇತ್ತು, ಅವರ ಅವಸರವೂ ಸುಳ್ಳಲ್ಲ.

ಮಾರಿದ್ದು, ಇಟ್ಟುಕೊಂಡದ್ದು

ಕೊಳ್ಳುವವರು ದೇಶದೊಳಗೇ ಸಿಕ್ಕರು. ಬೆಂಗಳೂರಿನಲ್ಲಿ ಕೊಲೋಡಿಯನ್ ಪದ್ಧತಿಯಲ್ಲಿ ಗಾಜಿನ ಮೇಲೆ ಚಿತ್ರ ತೆಗೆಯುವ ಒಬ್ಬ ಹುಡುಗ. ಫೋಟೋ ಕಳಿಸಿದ ಮೂರನೇ ದಿನ ರೈಲು ಹತ್ತಿ ಬಂದ. ಲೆನ್ಸನ್ನು ಅವನೂ ಟಾರ್ಚ್ ಹಿಡಿದೇ ನೋಡಿದ, ನಂಬರು ರಿಜಿಸ್ಟರಿಗೆ ತಾಳೆ ನೋಡಿದ. ಹುಣಸೆಹಣ್ಣಿನ ಗುರುತು ನೋಡಿ ನಕ್ಕ, ನಮ್ಮ ಅಜ್ಜಿಯೂ ಹೀಗೇ ಮಾಡುತ್ತಿದ್ದರು ಅಂದ. 85 ಸಾವಿರಕ್ಕೆ ಮಾತಾಯಿತು. ಆರನೆಯ ಪಟ್ಟಿ ಇದ್ದಿದ್ದರೆ 95 ಕೊಡುತ್ತಿದ್ದೆ ಅಂತಲೂ ಹೇಳಿದ. ಅವನು ಲೆನ್ಸನ್ನು ಕಪಾಟಿನಲ್ಲಿಡುವುದಿಲ್ಲ, ದಿನಾ ಬಳಸುತ್ತಾನೆ. ನನಗೆ ಅದರಿಂದ ಬಹಳ ಸಮಾಧಾನವಾಯಿತು.

ರಿಜಿಸ್ಟರನ್ನು ಮನೆಯವರು ಕೊಡಲಿಲ್ಲ. 1941ರ ಆ ಒಂದು ಪುಟದ ಫೋಟೋ ತೆಗೆಸಿ, ಮಾರಾಟದ ಪತ್ರದ ಜೊತೆ ಮಾಸ್ತರ ಸಹಿ ಹಾಕಿಸಿ ಕೊಟ್ಟೆವು. ಮುಂದೆ ಯಾವತ್ತಾದರೂ ಆ ಲೆನ್ಸ್ ಕೈ ಬದಲಾದರೆ ಆ ಕಾಗದ ಅದರ ಜೊತೆ ಹೋಗುತ್ತದೆ. ವಾಗೀಶ್ವರಿ ಮನೆಯಲ್ಲೇ ಉಳಿಯಿತು. ಬೆಲ್ಲೋಸ್ ನಾನೇ ಹೊಸದು ಹೊಲಿದುಕೊಡುತ್ತೇನೆ ಅಂದಿದ್ದೇನೆ.

ಗಾಜಿನ ನೆಗೆಟಿವ್‌ಗಳನ್ನು ಯಾರೂ ಬೆಲೆ ಕಟ್ಟಿ ಕೇಳಲಿಲ್ಲ. ಮದುವೆಗಳು, ನಾಟಕ ಕಂಪನಿಯವರು ವೇಷದಲ್ಲಿ ನಿಂತದ್ದು, ಹತ್ತಿ ಅಡತಿ ಅಂಗಡಿಯ ಮುಂದೆ ಸಾಲಾಗಿ ಕೂತ ಗುಮಾಸ್ತರು. ಇನ್ನೂರಕ್ಕೂ ಮಿಕ್ಕಿ ಇವೆ. ಅವನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು, ಭಾರಕ್ಕೆ ಕೆಳಗಿನ ಎಂಟು ಒಡೆದಿದ್ದವು. ಒಂದೊಂದನ್ನೂ ಹುಳಿಯಂಶ ಇಲ್ಲದ ಕಾಗದದಲ್ಲಿ ಸುತ್ತಿ, ಉದ್ದನೆಯ ಅಂಚಿನ ಮೇಲೆ ಪುಸ್ತಕದ ಹಾಗೆ ನಿಲ್ಲಿಸಿ ಇಡಲು ತೋರಿಸಿಕೊಟ್ಟೆ. ಮಗ ರಜೆ ಹಾಕಿ ಬಂದು ಬೆಳಕಿನ ಪೆಟ್ಟಿಗೆಯ ಮೇಲಿಟ್ಟು ಅವನ್ನೆಲ್ಲ ಮತ್ತೆ ಫೋಟೋ ತೆಗೆಯುತ್ತಿದ್ದಾನೆ. ರಿಜಿಸ್ಟರಿನಲ್ಲಿ ಹೆಸರು, ತಾರೀಖು ಇರುವುದರಿಂದ ಯಾರ ಚಿತ್ರ ಯಾವುದು ಅಂತ ಹೊಂದಿಸಬಹುದು. ಕೋಟಿ ಯೂರೋದ ಸುದ್ದಿ ತಂದವನೇ ಈಗ ಈ ಕೆಲಸಕ್ಕೆ ಕೂತಿದ್ದಾನೆ.

ಹುಡುಗ ಲೆನ್ಸ್ ಒಯ್ಯಲು ಬಂದ ದಿನ ಆಯಿ ಹೊರಗಿನ ಕಟ್ಟೆಯ ಮೇಲೆ ಕೂತಿದ್ದರು. ಅವನು ಚರ್ಮದ ಚೀಲ ಬಿಚ್ಚಿ ಐದು ಪಟ್ಟಿ ಎಣಿಸುವುದನ್ನು ನೋಡಿದರು. "ಇವು ಏನಪಾ?" ಅಂದರು. ಅವನು ಒಂದನ್ನು ಅವರ ಅಂಗೈ ಮೇಲಿಟ್ಟು, ಹೀಗೆ ಸೀಳಿನಲ್ಲಿ ಹಾಕೋದು ಅಂತ ತೋರಿಸಿದ. ಆಯಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಸೊಂಟಕ್ಕೆ ಸಿಗಿಸಿದ್ದ ಕೀಲಿಕೈ ಗೊಂಚಲು ಹೊರಗೆ ಎಳೆದರು. ಐದಾರು ಕೀಲಿಕೈ ನಡುವೆ ಒಂದು ಹಿತ್ತಾಳೆ ಪಟ್ಟಿ ಜೋತಾಡುತ್ತಿತ್ತು. ನಡುವೆ ದುಂಡು ತೂತು. ಸೆರಗಿಗೆ, ಸೊಂಟಕ್ಕೆ ಉಜ್ಜಿ ಉಜ್ಜಿ ಅಂಚು ನುಣ್ಣಗಾಗಿತ್ತು.

"ಟ್ರಿಜೋರಿ ಕೀಲಿಕೈ ಕಳೀಬಾರ್ದು ಅಂತ ಅವರ ಕಟ್ಟಿ ಕೊಟ್ಟಿದ್ರು. ಬಿಚ್ಚಿಕೊಳ್ಳಪಾ" ಅಂದರು.

ಹುಡುಗ ನನ್ನ ಮುಖ ನೋಡಿದ, ನಾನು ಮಾಸ್ತರ ಮುಖ ನೋಡಿದೆ. ಉಂಗುರ ಬಿಗಿಯಾಗಿತ್ತು, ತೆಗೆಯಲು ಹೊತ್ತು ಹಿಡಿಯಿತು. ಅವನು ಮಾತಿನಂತೆ ಇನ್ನೂ 10 ಸಾವಿರ ಎಣಿಸಿ ಆಯಿಯ ಕೈಯಲ್ಲೇ ಇಟ್ಟ. ಆರನೆಯ ಪಟ್ಟಿ ಚೀಲದ ಖಾಲಿ ಜಾಗದಲ್ಲಿ ಸರಿಯಾಗಿ ಕೂತಿತು. ಟ್ರಿಜೋರಿಯ ಕೀಲಿಕೈಗೆ ಸೊಸೆ ಈಗ ಕೆಂಪು ದಾರ ಕಟ್ಟಿದ್ದಾರೆ.